ಬುಟ್ಟಿಮನೆಯ ಮೂಡಲ ಗೋಡೆ

೧೨ ಜನವರಿ ೧೯೬೪, ಭಾನುವಾರ

ಕಂಬ ಇವತ್ತೂ ನೆಟ್ಟಗೆ ನಿಲ್ಲಲಿಲ್ಲ. ತೂಗುಗುಂಡು ಬಿಟ್ಟು ನೋಡಿದರೆ ತೆಂಕಲಿಗೆ ಅರ್ಧ ಅಂಗುಲ ವಾಲಿದೆ. ಆಳುಗಳು ಸೇರಿ ಮತ್ತೆ ಎಬ್ಬಿಸಿ, ಬುಡಕ್ಕೆ ಜಲ್ಲಿ ತುಂಬಿ... ಸೊಂಟ ಬಿದ್ದುಹೋಯಿತು. "ಯಾವ ದೇವ್ರು ಸಾಮಿ ಇದು?" ಎಂದು ಒಬ್ಬ ಕೇಳಿದ. ದೇವರಲ್ಲಪ್ಪ, ದುರ್ಬೀನು ಕೂರಿಸುವ ಕಲ್ಲು ಎಂದೆ. ನಂಬಿದ ಹಾಗೆ ಕಾಣಲಿಲ್ಲ. ಹೋಗುವಾಗ ಕೈ ಮುಗಿದೇ ಹೋದ.

ವಾರವೆಲ್ಲ ಶಿಡ್ಲಘಟ್ಟದ ಸರ್ವೆ ಕೆಲಸ. ಚೈನು ಎಳೆಸಿಕೊಂಡು ಕಂಡವರ ಹೊಲದ ಬದು ಸುತ್ತುವುದು. ಅಣ್ಣ ತಮ್ಮಂದಿರು ಗೇಣು ಜಾಗಕ್ಕೆ ಕೊರಳಪಟ್ಟಿ ಹಿಡಿಯುವುದನ್ನು ನೋಡುವುದು. ಸಂಜೆ ಜಂಗಮಕೋಟೆಗೆ ಸೈಕಲ್ ತುಳಿಯುವುದು. ಭೂಮಿ ಅಂದರೆ ಸಾಕಾಗಿದೆ. ಆಕಾಶಕ್ಕೆ ಇನ್ನೂ ಯಾರೂ ಹದ್ದುಬಸ್ತಿಗೆ ಅರ್ಜಿ ಹಾಕಿಲ್ಲ, ಅದಕ್ಕೇ ಅದರ ಮೇಲೆ ಆಸೆ.

ಲೆನ್ಸ್ ಬೆಂಗಳೂರಿನ ದಂಡಿನ ಗುಜರಿಯಲ್ಲಿ ಸಿಕ್ಕಿದ್ದು, ಹಳೇ ಯುದ್ಧದ ಮಾಲು. ತಗಡಿನ ಕೆಲಸದವನು ಕೊಳವೆ ಸುತ್ತಿಕೊಟ್ಟಿದ್ದಾನೆ. ಆಳುದ್ದ. ಸದ್ಯಕ್ಕೆ ಅಟ್ಟದ ಮೇಲೆ ಮಲಗಿದೆ. ಹಿತ್ತಲ ದಿಬ್ಬದ ಮೇಲೆ ಒಂದು ದುಂಡು ಕೋಣೆ, ಅದಕ್ಕೆ ತಿರುಗುವ ಮುಚ್ಚಳ — ಇಷ್ಟಾದರೆ ನನ್ನದೂ ಒಂದು ವೀಕ್ಷಣಾಲಯ.

ರಾಮಲಕ್ಷ್ಮಿ ಮೂರು ದಿನದಿಂದ ಸರಿಯಾಗಿ ಮಾತಾಡುತ್ತಿಲ್ಲ. ಆ ದಿಬ್ಬ ಅವಳ ಹುಳುಮನೆಗೆ ಅಂತ ಬಿಟ್ಟಿದ್ದ ಜಾಗ. ರೇಷ್ಮೆಹುಳುವಿಗೆ ಗಾಳಿ ಬೇಕು, ತೇವ ಆಗಬಾರದು. ಹಿತ್ತಲಲ್ಲಿ ಅಂಥ ಜಾಗ ಅದೊಂದೇ. ನಕ್ಷತ್ರಕ್ಕೂ ಅದೇ ಬೇಕಾಯಿತು. "ಒಂದು ವರ್ಷ ತಡಿ ಕಣೇ, ಪಕ್ಕದಲ್ಲೇ ನಿಂಗೂ ಕಟ್ಟಿಸ್ಕೊಡ್ತೀನಿ" ಎಂದೆ. ಅವಳು ಸೊಪ್ಪು ಹೆಚ್ಚುತ್ತಿದ್ದಳು. ಹೆಚ್ಚುತ್ತಲೇ ಇದ್ದಳು.

೨೧ ಜನವರಿ

ಮೂಡಲ ಕಡೆ ಪಕ್ಕದ ಮನೆಯ ಬಯ್ಯಪ್ಪ ಬೆಳಿಗ್ಗೆಯೇ ಬಂದ. ಅವನ ಹಿಂದೆ, ಬಾಗಿಲ ಮರೆಯಲ್ಲಿ, ಹೆಂಡತಿ ಆಂಜಿನಮ್ಮ.

"ಗಂಗುಲಪ್ಪನೋರೆ, ಆ ಕೊಳವೆ ಚಂದ್ರನ ಮ್ಯಾಗಿನ ಗುಂಡಿ ತೋರಿಸ್ತದಂತೆ, ದಿಟಾನಾ?"

ದಿಟ ಎಂದೆ. ಹೆಮ್ಮೆಯಿಂದಲೇ ಎಂದೆ.

"ಅಲ್ಲೀಗಂಟ ಕಾಣೋದು, ಗೋಡೆ ಆಚೆಗಿರೋ ನಮ್ಮ ಬಚ್ಚಲು ಕಾಣಲ್ವಾ?"

ಅವರ ಬಚ್ಚಲಿಗೆ ಸೂರಿಲ್ಲ. ನಾಲ್ಕು ತಡಿಕೆ, ಒಂದು ಹಂಡೆ. ಇದು ನನಗೆ ಹೊಳೆದೇ ಇರಲಿಲ್ಲ. ದುರ್ಬೀನಿಗೆ ಹತ್ತಿರದ್ದು ಬರೀ ಮಸುಕಪ್ಪ, ಅದೂ ತಲೆಕೆಳಗಾಗಿ ಕಾಣುತ್ತದೆ ಎಂದು ಸಮಾಧಾನ ಹೇಳಲು ಹೋದೆ. ಆಂಜಿನಮ್ಮ ಮರೆಯಿಂದಲೇ, "ತಲೆಕೆಳಗಾಗಿ ಬೇರೆ ಕಾಣ್ತೀವಾ? ಚಾಲು ಚಾಲು, ಸಾಕು" ಎಂದಳು. ಅಲ್ಲಿಗೆ ಮುಗಿಯಿತು. ಗೋಡೆ ಎತ್ತರಿಸಬೇಕು, ಇಲ್ಲದಿದ್ದರೆ ಪಂಚಾಯ್ತಿ.

೯ ಫೆಬ್ರವರಿ

ಗೋಡೆ ಎದ್ದಿತು. ಎದೆಯ ಮಟ್ಟ ಇದ್ದದ್ದು ಈಗ ಏಣಿ ಹಾಕದೆ ತುದಿ ಮುಟ್ಟುವ ಹಾಗಿಲ್ಲ. ಹಸಿ ಇಟ್ಟಿಗೆ, ಮೇಲೆ ಮಣ್ಣಿನ ಗಿಲಾವು. ಬಯ್ಯಪ್ಪ ಆಚೆ ಕಡೆ ಕುಕ್ಕರುಗಾಲಲ್ಲಿ ಕೂತು, ನಿಂತು, ಎಲ್ಲ ರೀತಿ ಪರೀಕ್ಷೆ ಮಾಡಿ ಒಪ್ಪಿಕೊಂಡ. ಊರವರ ಬೇಲಿ ಜಗಳ ಬಿಡಿಸುವ ಸರ್ವೆಯರ್ ತನ್ನ ಹಿತ್ತಲ ಜಗಳ ಸೋತ ಎಂದು ಆಫೀಸಿನಲ್ಲಿ ನಗೆ.

ದುಂಡು ಕೋಣೆಗೂ ಗೋಡೆಗೂ ಒಬ್ಬ ಮನುಷ್ಯ ಅಡ್ಡಡ್ಡ ಹೋಗುವಷ್ಟು ಸಂದಿ. ಇನ್ನು ಮೇಲೆ ಯಾವ ಚುಕ್ಕಿಯಾದರೂ ಬಯ್ಯಪ್ಪನ ಬಚ್ಚಲು ದಾಟಿ, ಗೋಡೆ ಹತ್ತಿ, ಆಮೇಲೆ ನನ್ನ ಹತ್ತಿರ ಬರಬೇಕು. ಬರಲಿ. ಹುಟ್ಟಿದ್ದು ಮೇಲಕ್ಕೆ ಬರದೆ ಎಲ್ಲಿ ಹೋಗುತ್ತದೆ? ಕಾಯುವುದು ನನಗೆ ಹೊಸದಲ್ಲ.

೧೯ ಏಪ್ರಿಲ್

ಮುಚ್ಚಳ ಕೂತಿತು. ಮೇದರ ಕೋನಪ್ಪ ಹಿತ್ತಲಲ್ಲೇ ಬಿದಿರು ಸೀಳಿ ಹೆಣೆದದ್ದು. ಅಳತೆ ಹೇಳಿದಾಗ, "ಇಷ್ಟು ದೊಡ್ಡ ಬುಟ್ಟಿ ಯಾವ ಕೋಳಿ ಮುಚ್ಚಕ್ಕೆ ಸಾಮಿ?" ಎಂದಿದ್ದ. ಮೇಲೆ ಗೋಣಿತಟ್ಟು, ಅದಕ್ಕೆ ಡಾಂಬರು. ನೆತ್ತಿಯಿಂದ ಅಂಚಿನವರೆಗೆ ಒಂದು ಸೀಳು, ಹಗ್ಗ ಎಳೆದರೆ ತೆರೆಯುತ್ತದೆ. ಬುಡದಲ್ಲಿ ಬಾವಿಯ ರಾಟೆಗಳು. ನೂಕಿದರೆ ಇಡೀ ಬುಟ್ಟಿ ಕಿರ್ರೋ ಎಂದು ತಿರುಗುತ್ತದೆ. ಓಣಿಯವರೆಲ್ಲ ಸೇರಿ ಎತ್ತಿ ಕೂರಿಸಿದರು. ಬಯ್ಯಪ್ಪನೂ ಹೆಗಲು ಕೊಟ್ಟ. ಮನುಷ್ಯ ಕೆಟ್ಟವನಲ್ಲ.

ವೀಕ್ಷಣಾಲಯ ಎಂದು ಬಾಗಿಲ ಮೇಲೆ ಬರೆಸಬೇಕೆಂದಿದ್ದೆ. ಸಂಜೆಯ ಹೊತ್ತಿಗೆ ಊರು ಬುಟ್ಟಿಮನೆ ಎಂದು ಹೆಸರಿಟ್ಟಾಗಿತ್ತು. ಬಣ್ಣ ಉಳಿಯಿತು.

೧೫ ನವೆಂಬರ್ ೧೯೬೪, ರಾತ್ರಿ

ಮಳೆ, ಮೋಡ, ಜಮಾಬಂದಿ, ಮತ್ತೆ ಮೋಡ. ಇಷ್ಟು ತಿಂಗಳಾದ ಮೇಲೆ ಇವತ್ತು ಗುರು ಗೋಡೆ ಹತ್ತಿ ಬಂದ.

ಪಕ್ಕದಲ್ಲಿ ಸಾಲಾಗಿ ನಾಲ್ಕು ಉಪಗ್ರಹ. ಪುಸ್ತಕದಲ್ಲಿ ಓದಿದ್ದೆ. ಓದುವುದೇ ಬೇರೆ. ಕಣ್ಣಲ್ಲಿ ನೀರು ಬಂತು, ಬಂದು ಕಾಣದೇ ಹೋಯಿತು, ಒರೆಸಿಕೊಂಡು ಮತ್ತೆ ನೋಡಿದೆ.

ರಾಮಲಕ್ಷ್ಮಿಯನ್ನು ಕರೆಯಲು ಓಡಿದೆ. ಪಡಸಾಲೆಯಲ್ಲಿ ತಟ್ಟೆಗಳ ನಡುವೆ ಕೂತಿದ್ದಳು. "ಹುಳು ನಾಲ್ಕನೇ ಜ್ವರಕ್ಕೆ ಕೂತವೆ ಕಣ್ರೀ. ಬಿಟ್ಟು ಬರಕ್ಕಾಗಲ್ಲ." ಪೊರೆ ಬಿಡುವ ಮೊದಲು ಅವು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತವೆ. ಸಾವಿರಾರು ಹುಳು, ಎಲ್ಲದರ ತಲೆಯೂ ಮೇಲೆ. ಅವೂ ಗುರುವನ್ನೇ ನೋಡುತ್ತಿದ್ದ ಹಾಗಿತ್ತು. ಹಾಗೆಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಒಲೆಯ ಹೊಗೆ ಇತ್ತ ಬರದ ಹಾಗೆ ಗೋಣಿ ಕಟ್ಟುತ್ತಿದ್ದಳು.

೨೪ ನವೆಂಬರ್

ಬೆಳೆ ಹೋಯಿತು. ಹಾಲುತೊಂಡೆ ರೋಗ. ಮುಟ್ಟಿದರೆ ಒಡೆದು ಹಾಲಿನಂಥ ನೀರು. ಪಡಸಾಲೆಯ ತೇವ, ಅಡಿಗೆಮನೆಯ ಹೊಗೆ, ಎರಡೂ ಸೇರಿ ತಿಂದವು. ರಾಮಲಕ್ಷ್ಮಿ ಒಬ್ಬಳೇ ತಟ್ಟೆ ತಟ್ಟೆ ಹೊತ್ತು ಗುಂಡಿಗೆ ಸುರಿದು ಸುಣ್ಣ ಹಾಕಿದಳು. ನಾನು ಒಂದು ತಟ್ಟೆ ಹಿಡಿಯಲು ಹೋದೆ; ಕೊಡಲಿಲ್ಲ.

"ಆ ದಿಬ್ಬದ ಮ್ಯಾಲಿದ್ದಿದ್ರೆ ಬದುಕ್ತಿದ್ದೋ" ಎಂದಳು, ಗುಂಡಿ ಮುಚ್ಚಿಯಾದ ಮೇಲೆ. ಸುಣ್ಣದ ಕೈ ತೊಳೆದುಕೊಂಡು, "ನಿಮ್ಮ ಕೊಳವೆಗೆ ನಾನು ಕಣ್ಣಿಡಲ್ಲ."

ಕೂಗಾಡಿದ್ದರೆ ಉತ್ತರ ಕೊಡಬಹುದಿತ್ತು.

೧೪ ಸೆಪ್ಟೆಂಬರ್ ೧೯೬೫

ಹತ್ತು ತಿಂಗಳಿಂದ ಬರೆದಿಲ್ಲ. ಏನು ಬರೆಯುವುದು? ಬೇಸಿಗೆಯ ಬೆಳೆಯೂ ಹೋಯಿತು. ಹುಳುಮನೆ ಕಟ್ಟಿಸಲಿಲ್ಲ, ದಿಬ್ಬ ಬಿಟ್ಟರೆ ಉಳಿದದ್ದೆಲ್ಲ ನೀರು ನಿಲ್ಲುವ ಜಾಗ. ಗುರು, ಶನಿ, ಚಂದ್ರ ಎಲ್ಲ ನೋಡಿದೆ. ಒಬ್ಬನೇ ನೋಡಿದೆ. ಹೊರಗೆ ಬಂದರೆ ಹೇಳಲು ಯಾರೂ ಇಲ್ಲ. ಹಾಗಾದರೆ ನೋಡಿ ಏನು ಬಂತು ಎಂದು ಎಷ್ಟೋ ಸಲ ಅನ್ನಿಸಿದೆ.

ಹೋದ ವಾರ ಕೆಂಚಾರ್ಲಹಳ್ಳಿಯಿಂದ ಅವಳ ಅಣ್ಣ ಆವಲಪ್ಪ ಬಂದಿದ್ದ. ಹಿಪ್ಪುನೇರಳೆ ತೋಟ ಅವಳಿಗೆ ತವರಿಂದ ಅರಿಶಿನ ಕುಂಕುಮಕ್ಕೆ ಬಂದದ್ದು. "ಹುಳ ನಿನ್ನ ಕೈಗೆ ಹತ್ತಲ್ಲಮ್ಮ. ತೋಟ ನಂಗೆ ಬಿಡು, ರಾಗಿ ಹಾಕ್ತೀನಿ, ನಿಂಗೂ ಕಾಳು ಬರ್ತದೆ" ಎಂದ. ಒಳ್ಳೆಯ ಮಾತಲ್ಲೇ ಎಂದ. ಅವಳು ತಲೆ ತಗ್ಗಿಸಿಕೊಂಡು, "ಇನ್ನೊಂದು ಬೆಳೆ ನೋಡ್ತೀನಣ್ಣ. ಅದೂ ಹೋದ್ರೆ ನಿಂದೇ" ಎಂದಳು. ನನ್ನ ಕಡೆ ನೋಡಲೂ ಇಲ್ಲ. ನನ್ನಿಂದ ಏನೂ ಆಗುವುದಿಲ್ಲ ಎಂದು ತೀರ್ಮಾನಿಸಿದ ಹಾಗಿತ್ತು.

ಇವತ್ತು ಕಾನ್‌ಸ್ಟೇಬಲ್ ಬಂದ. ಯುದ್ಧ ನಡೆಯುತ್ತಿದೆಯಲ್ಲ. "ಇಮಾನಕ್ಕೆ ಸಿಗ್ನಲ್ ಕೊಡ್ತಾರೆ ಅಂತ ಯಾರೋ ಹೇಳವ್ರೆ ಸಾರ್." ಕೊಳವೆಯೊಳಗೆ ಇಣುಕಿ ನೋಡಿದ. ಹಲ್ಲಿ ಹೊರಗೆ ಬಂತು. ಹೇಳುವವರೆಗೂ ಮುಚ್ಚಳ ತೆಗೆಯಬೇಡಿ ಎಂದು ಹೇಳಿ, ಕಾಫಿ ಕುಡಿದು ಹೋದ. ಸರಿಯಪ್ಪ ಎಂದೆ. ನನಗೂ ಸುಸ್ತಾಗಿತ್ತು.

೪ ಅಕ್ಟೋಬರ್

ಯುದ್ಧ ನಿಂತಿದೆ. ಮುಚ್ಚಳ ತೆಗೆಯಬಹುದಂತೆ.

ಪೇಪರಿನಲ್ಲಿ ಸುದ್ದಿ: ಜಪಾನಿನ ಇಬ್ಬರು ಒಂದು ಧೂಮಕೇತು ಕಂಡುಹಿಡಿದಿದ್ದಾರೆ. ಹವ್ಯಾಸಿಗಳು, ನನ್ನ ಹಾಗೆ. ಈ ತಿಂಗಳ ಮೂರನೇ ವಾರ ಸೂರ್ಯನನ್ನು ಸವರಿಕೊಂಡು ಹೋಗಿ, ಉಳಿದರೆ, ಆಮೇಲೆ ಬೆಳಗಿನ ಜಾವ ಮೂಡಲಲ್ಲಿ ಕಾಣುತ್ತದಂತೆ. ನೂರಾರು ವರ್ಷಕ್ಕೊಮ್ಮೆ ಬರುವಂಥದ್ದು.

ಮೈಯಲ್ಲಿ ಏನೋ ಹರಿದಾಡಿತು. ಬಹಳ ದಿನ ಆಗಿತ್ತು. ಸಂಜೆ ರಾಟೆಗಳಿಗೆ ಹರಳೆಣ್ಣೆ ಬಿಟ್ಟೆ, ಲೆನ್ಸ್ ಒರೆಸಿದೆ. ಈ ಕಂಬ, ಈ ಬುಟ್ಟಿ, ಇಷ್ಟೆಲ್ಲ ಬೈಸಿಕೊಂಡದ್ದು ಇದಕ್ಕೇ ಇರಬೇಕು. ಇದೊಂದು ನೋಡಿದರೆ ಸಾಕು, ಆಮೇಲೆ ದಿಬ್ಬ ಅವಳಿಗೇ ಬಿಡುತ್ತೇನೆ. ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

೧೭ ಅಕ್ಟೋಬರ್

ಅವಳ ಹುಳು ನಾಲ್ಕನೇ ಜ್ವರದಿಂದ ಎದ್ದಿವೆ. ಈ ಸಲ ಗಟ್ಟಿಯಾಗಿವೆ. ಸೊಪ್ಪು ಹಾಕಿದರೆ ಮಳೆ ಸುರಿದ ಸದ್ದು. ಹಗಲೂ ರಾತ್ರಿ ಸೊಪ್ಪು. ಅವಳ ಕಣ್ಣು ಗುಳಿಬಿದ್ದಿವೆ. ಇನ್ನೊಂದು ವಾರಕ್ಕೆ ಹಣ್ಣಾಗುತ್ತವೆ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು ಎಂದಳು. ನನಗೆ ಹೇಳಿದಳೋ, ಹುಳುವಿಗೆ ಹೇಳಿದಳೋ.

೨೩ ಅಕ್ಟೋಬರ್

ಎರಡು ದಿನದಿಂದ ಜಡಿ. ಇವತ್ತು ನೀರು ತುಂಬುವ ಹಬ್ಬ. ಹಂಡೆಗೆ ಪೂಜೆ ಮಾಡಲೂ ಪುರುಸೊತ್ತಿಲ್ಲ. ಪಡಸಾಲೆ ಎರಡು ಕಡೆ ಸೋರುತ್ತಿದೆ. ಧೂಮಕೇತು ಸೂರ್ಯನ ಬಳಿ ಹೋಗಿ ಬದುಕಿ ಬಂದಿದೆಯಂತೆ. ಇಲ್ಲಿ ಬರೀ ಮೋಡ.

೨೫ ಅಕ್ಟೋಬರ್, ಸೋಮವಾರ

ಬೆಳಿಗ್ಗೆ ಎದ್ದರೆ ಹುಳು ಹಣ್ಣಾಗಿವೆ. ಮೈಯೆಲ್ಲ ಹಳದಿಗೆ ತಿರುಗಿ, ಬಾಯಲ್ಲಿ ನೂಲು ಹಿಡಿದು, ಜಾಗ ಹುಡುಕುತ್ತಿವೆ. ಕಾಯುವ ಹಾಗಿಲ್ಲ. ಅವತ್ತೇ ಚಂದ್ರಿಕೆಗೆ ಬಿಡದಿದ್ದರೆ ಕಂಡಕಂಡಲ್ಲಿ ನೂಲು ಉಗುಳಿ ಎಲ್ಲ ಹಾಳು. ಬಿದಿರು ಚಂದ್ರಿಕೆಗಳನ್ನು ಒಣ ನೆರಳಿನಲ್ಲಿ, ಗಾಳಿ ಆಡುವ ಕಡೆ ನಿಲ್ಲಿಸಬೇಕು. ಪಡಸಾಲೆ ಕೆಸರು. ಅಂಗಳದಲ್ಲಿ ಮಳೆ.

ರಾಮಲಕ್ಷ್ಮಿ ಜಾಗ ಕೇಳಲಿಲ್ಲ. ಅದೇ ನನ್ನನ್ನು ಕೊಂದದ್ದು. ಕೇಳಲಿಲ್ಲ. ಮಳೆಯಲ್ಲಿ ಒಬ್ಬಳೇ ಅಂಗಳದಲ್ಲಿ ನಿಂತು ತಾಡಪಾಲಿನ ಒಂದು ಮೂಲೆ ಕಂಬಕ್ಕೆ ಕಟ್ಟುತ್ತಿದ್ದಳು. ಕಟ್ಟಿದ್ದು ಬಿಚ್ಚಿಕೊಂಡಿತು. ಮತ್ತೆ ಕಟ್ಟಿದಳು. ಮತ್ತೆ ಬಿಚ್ಚಿಕೊಂಡಿತು.

"ಬುಟ್ಟಿಮನೇಗಿಡು ಹೋಗು" ಎಂದೆ.

ತಿರುಗಿ ನೋಡಿದಳು. "ನಿಮ್ಮ ಚುಕ್ಕಿ?"

"ಇಡು ಅಂದ್ನಲ್ಲ" ಎಂದು ಗದರಿದೆ. ಪ್ರೀತಿಯಿಂದ ಅಂದದ್ದಲ್ಲ, ಸಿಟ್ಟಿನಿಂದಲೇ ಅಂದದ್ದು. ದುರ್ಬೀನಿಗೆ ಹಳೇ ಪಂಚೆ ಸುತ್ತಿದೆ. ಕಂಬದ ಸುತ್ತ ಚಂದ್ರಿಕೆ ಜೋಡಿಸಿದೆವು, ಬಾಗಿಲವರೆಗೂ. ಇನ್ನು ಗೂಡು ಬಿಡಿಸುವವರೆಗೆ ಮುಚ್ಚಳ ತಿರುಗಿಸುವ ಹಾಗಿಲ್ಲ, ತೆರೆಯುವ ಹಾಗೂ ಇಲ್ಲ. ಬೆಳಕು ಬಿದ್ದರೆ ಹುಳು ಕತ್ತಲ ಕಡೆಗೆ ಸೇರಿ ಒಂದರ ಮೇಲೊಂದು ಕಟ್ಟುತ್ತವೆ. ದುರ್ಬೀನು ಕಳಚಿ ಹೊರಗೆ ತಂದರೆ ನಿಲ್ಲಿಸುವುದೆಲ್ಲಿ? ಕೈಯಲ್ಲಿ ಹಿಡಿದರೆ ಚುಕ್ಕಿ ಕುಣಿಯುತ್ತದೆ.

ಸಂಜೆ ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗಾಯಿತು. ಹೊಟ್ಟೆ ಉರಿಯಿತು. ಸುಳ್ಳೇಕೆ ಬರೆಯಲಿ.

೨೮ ಅಕ್ಟೋಬರ್, ಬೆಳಿಗ್ಗೆ

ಐದಕ್ಕೆ ಮಾಳಿಗೆ ಹತ್ತಿದೆ. ದುರ್ಬೀನೇ ಬೇಕಿರಲಿಲ್ಲ. ಮೂಡಲಲ್ಲಿ, ಬಯ್ಯಪ್ಪನ ಹುಣಿಸೆಮರದ ಪಕ್ಕ, ಸುಣ್ಣದ ಕುಂಚದಿಂದ ಒಂದೇ ಸಲ ಎಳೆದ ಹಾಗೆ ಬಾಲ. ತಲೆ ಕೆಳಗೆ, ನೆಲಕ್ಕೆ ಹತ್ತಿರ. ಓಣಿಯಲ್ಲಿ ಜನ ಸೇರಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಎಷ್ಟೋ ಹೊತ್ತು ನೋಡಿದೆ. ಆಮೇಲೆ ಹಾಳು ಸರ್ವೆಯರ್ ಕಣ್ಣು ಕೆಳಗೆ ಹೋಯಿತು. ಬುಟ್ಟಿಮನೆ. ಪಕ್ಕದಲ್ಲಿ ಆ ಗೋಡೆ. ಕಂಬದ ತಲೆಯಿಂದ ಗೋಡೆಯ ತುದಿಗೆ ಮನಸ್ಸಿನಲ್ಲೇ ದಾರ ಎಳೆದೆ. ಧೂಮಕೇತುವಿನ ತಲೆ ದಾರಕ್ಕಿಂತ ಎಷ್ಟೋ ಕೆಳಗೆ. ಅದು ಗೋಡೆ ಹತ್ತುವ ಹೊತ್ತಿಗೆ ಸೂರ್ಯ ಬಂದಿರುತ್ತಾನೆ. ಇವತ್ತೂ ಅಷ್ಟೆ, ನಾಳೆಯೂ ಅಷ್ಟೆ. ಹುಳು ಇದ್ದರೂ ಇಲ್ಲದಿದ್ದರೂ ನನ್ನ ದುರ್ಬೀನಿಗೆ ಇದು ಕಾಣುವಂಥದ್ದೇ ಅಲ್ಲ. ಹುಟ್ಟಿದ್ದೆಲ್ಲ ಮೇಲಕ್ಕೆ ಬಂದೇ ಬರುತ್ತದೆ ಎಂದು ನಂಬಿಕೊಂಡು ಕೂತಿದ್ದೆ. ಊರಿನ ಹೊಲವೆಲ್ಲ ಅಳೆದವನು ಇದೊಂದು ಕೋನ ಅಳೆಯಲಿಲ್ಲ. ಅಲ್ಲೇ ಕೂತುಬಿಟ್ಟೆ.

ಹಿಂದೆ ಬಳೆ ಸದ್ದು. ರಾಮಲಕ್ಷ್ಮಿ ಏಣಿ ಹತ್ತಿ ಬಂದಿದ್ದಳು. ಧೂಮಕೇತು ನೋಡಿದಳು, ನನ್ನನ್ನು ನೋಡಿದಳು.

"ಮುಚ್ಚಳ ತೆಗೀರಿ. ಒಂದು ಗಳಿಗೆ ತಾನೆ. ಏನಾದ್ರೂ ಆಗ್ಲಿ."

ಆಗ ಹೇಳಬೇಕಿತ್ತು. ಗೋಡೆ ಅಡ್ಡ ಬರುತ್ತದೆ ಕಣೇ ಎಂದರೆ ಮುಗಿಯುತ್ತಿತ್ತು. "ಬ್ಯಾಡ. ಗೂಡು ಕಟ್ಲಿ ಬಿಡು" ಎಂದೆ.

ಅವಳು ನನ್ನ ಕೈ ಹಿಡಿದಳು. ಬಯಲು ಮಾಳಿಗೆಯ ಮೇಲೆ, ಓಣಿಯ ಜನ ಕೆಳಗಿರುವಾಗ. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಾಗೆ ಹಿಡಿದದ್ದಿಲ್ಲ.

೩೦ ಅಕ್ಟೋಬರ್

ಊರಿಗೆಲ್ಲ ಗೊತ್ತಾಗಿದೆ. ಬಾವಿಕಟ್ಟೆಯಲ್ಲಿ ಅವಳೇ ಹೇಳಿದ್ದಾಳೆ. ಬಯ್ಯಪ್ಪ ಬಂದು, "ಗಂಗುಲಪ್ಪನೋರೆ, ಹೆಂಡ್ತಿ ಹುಳಕ್ಕೋಸ್ಕರ ಅಂಥ ಚುಕ್ಕೀನೇ ಬಿಟ್ರಂತೆ, ದೊಡ್ಡೋರು" ಎಂದ. ಗೋಡೆಗೆ ಒರಗಿಕೊಂಡೇ ಎಂದ.

ಸೋಮವಾರ ಜಾಗ ಬಿಟ್ಟುಕೊಟ್ಟದ್ದು ನಿಜ, ಆಗ ನನಗೇನೂ ಗೊತ್ತಿರಲಿಲ್ಲ. ಗುರುವಾರ ಮಾಳಿಗೆಯ ಮೇಲೆ ನಾನು ಬಿಟ್ಟದ್ದಾದರೂ ಏನು? ಇಲ್ಲದ್ದನ್ನು ಬಿಟ್ಟೆ. ಗೋಡೆ ಇಲ್ಲದೇ ಇದ್ದಿದ್ದರೆ ಮುಚ್ಚಳ ತೆಗೆಯುತ್ತಿದ್ದೆನೇ? ತೆಗೆಯುತ್ತಿದ್ದೆ ಎಂದೇ ಅನ್ನಿಸುತ್ತದೆ. ಅವಳು ಈಗ ನನಗೆ ಮೊದಲು ಬಡಿಸುತ್ತಾಳೆ, ತಾನೇ ಮಾತಿಗೆ ಬರುತ್ತಾಳೆ, ರಾತ್ರಿ ತವರಿನ ಹಳೇ ಕಥೆ ಹೇಳಿ ನಗುತ್ತಾಳೆ. ಎಷ್ಟು ದಿನವಾಗಿತ್ತು ಆ ನಗು ಕೇಳಿ. ನಿಜ ಹೇಳಿದರೆ ಇದೆಲ್ಲ ಹೋಗುತ್ತದೆ.

೨ ನವೆಂಬರ್

ಗೂಡು ಬಿಡಿಸಿದ್ದಾಯಿತು. ಬೆಳೆ ಗೆದ್ದಿತು. ಗಟ್ಟಿ ಗೂಡು, ಒತ್ತಿದರೆ ಬಗ್ಗುವುದಿಲ್ಲ. ಆವಲಪ್ಪ ಬಂದಿದ್ದ. ಒಂದು ಗೂಡು ಅಂಗೈಯಲ್ಲಿಟ್ಟು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, "ಪರವಾಗಿಲ್ಲಮ್ಮ, ಕೈ ಹತ್ತಿದೆ" ಎಂದ. ತೋಟದ ಮಾತೆತ್ತಲಿಲ್ಲ. ಹೋಳಿಗೆ ತಿಂದು ಬಸ್ಸಿಗೆ ಹೋದ. ಅವನು ತಿರುವು ದಾಟುವವರೆಗೂ ರಾಮಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಬಂದು ಅತ್ತಳು.

೫ ನವೆಂಬರ್

ಬುಟ್ಟಿಮನೆ ಖಾಲಿ ಮಾಡಿ ಅವಳೇ ಸಾರಿಸಿದ್ದಾಳೆ. ಸಂಜೆ, "ನಾಳೆ ಬೆಳಿಗ್ಗೆ ನಂಗೆ ತೋರ್ಸಿ" ಎಂದಳು.

"ಏನ?"

"ಅದೇ, ಬಾಲದ ಚುಕ್ಕಿ. ನಿಮ್ಮ ಕೊಳವೇಲಿ."

ಮಂಕಾಗಿದೆ ಎಂದೆ. ಮೋಡ ಬರಬಹುದು ಎಂದೆ. ಇನ್ನೂ ಕಾಣುತ್ತದೆ, ಬೆಳಿಗ್ಗೆ ಮಾಳಿಗೆಯಿಂದ ನೋಡಿದೆ ಎಂದಳು. ಕಣ್ಣಿಡಲ್ಲ ಎಂದು ಒಂದು ವರ್ಷ ದೂರ ಇದ್ದವಳು ತಾನಾಗಿ ಕೇಳುತ್ತಿದ್ದಾಳೆ, ಇಲ್ಲ ಎನ್ನುವುದು ಹೇಗೆ?

ಊಟದ ಹೊತ್ತಿಗೆ ಹೇಳಿಬಿಡೋಣ ಎಂದು ಎರಡು ಸಲ ಮನಸ್ಸಿನಲ್ಲೇ ಜೋಡಿಸಿಕೊಂಡೆ. "ರಾಮಲಕ್ಷ್ಮಿ" ಎಂದೆ. ಸಾರಿನ ಸೌಟು ಹಿಡಿದು ತಲೆ ಎತ್ತಿದಳು. ಮುಖದಲ್ಲಿ ಎಷ್ಟು ಗೆಲುವು. "ಉಪ್ಪು ಕೊಡು" ಎಂದೆ.

೬ ನವೆಂಬರ್, ಬೆಳಿಗ್ಗೆ ೭

ಅವಳೇ ಎಬ್ಬಿಸಿದಳು. ತಲೆ ಬಾಚಿ ಹೂ ಮುಡಿದಿದ್ದಳು. ಮುಚ್ಚಳ ತಿರುಗಿಸಿ ಸೀಳು ಮೂಡಲಿಗೆ ತಂದೆ. ಹಗ್ಗ ಎಳೆದೆ. ದುರ್ಬೀನು ಎಷ್ಟು ತಗ್ಗುತ್ತದೋ ಅಷ್ಟು ತಗ್ಗಿಸಿದೆ. ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ಕಣ್ಣಿಟ್ಟಳು. ಅಲ್ಲಿ ಏನಿದೆ ಎಂದು ನನಗೆ ಗೊತ್ತು. ಬಯ್ಯಪ್ಪನ ಗೋಡೆ. ಬರೀ ಕತ್ತಲು. ಅವಳು ಬಹಳ ಹೊತ್ತು ನೋಡಿದಳು. ಆಚೆ ಆಂಜಿನಮ್ಮ ಹಂಡೆಗೆ ನೀರು ಸುರಿಯುವ ಸದ್ದು.

"ಕಾಣ್ತದಾ?" ಎಂದೆ.

"ಹೂಂ."

"ಹೆಂಗದೆ?"

"ಚೆನ್ನಾಗದೆ ಕಣ್ರೀ" ಎಂದಳು. ಕಣ್ಣು ತೆಗೆಯದೇ ಇನ್ನೂ ಸ್ವಲ್ಪ ನೋಡಿದಳು. ಆಮೇಲೆ ಸೆರಗು ಬಿಚ್ಚಿಕೊಂಡು ಒಲೆ ಹಚ್ಚಲು ಹೋದಳು.

ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ. ಕಾಫಿ ತಂದಳು. ಲೋಟ ಕೈಗೆ ಕೊಟ್ಟು, ಗೋಡೆಯ ಕಡೆ ನೋಡುತ್ತ, "ಬೇಸಿಗೆಗೆ ಅದನ್ನ ಮೊದಲಿನಷ್ಟಕ್ಕೆ ಇಳ್ಸಿಬಿಡಣ. ಅವರ ಬಚ್ಚಲಿಗೆ ನಾವೇ ಒಂದು ಸೂರು ಹಾಕಿಸ್ಕೊಟ್ರಾಯ್ತು. ಆಂಜಿನಮ್ಮನ ಹತ್ರ ನಾನು ಮಾತಾಡ್ತೀನಿ" ಎಂದಳು.

ಬಚ್ಚಲಿಗೆ ಸೂರು. ಇಬ್ಬರು ಗಂಡಸರು ಸೇರಿ ಅಷ್ಟೆತ್ತರ ಗೋಡೆ ಎಬ್ಬಿಸಿದೆವು.

"ನಿಂಗೆ ಯಾವಾಗಿಂದ ಗೊತ್ತು?" ಎಂದು ಕೇಳಿದೆ.

"ಕಾಫಿ ಆರ್ತದೆ, ಕುಡೀರಿ" ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ನಗುವೂ ಇರಲಿಲ್ಲ. ಬಾಗಿಲ ಹತ್ತಿರ ಬಗ್ಗಿ, ಸಾರಿಸಿದ ನೆಲದಲ್ಲಿ ಅಂಟಿದ್ದ ಒಂದು ನೂಲಿನೆಳೆ ಕಿತ್ತು ಬೆರಳಿಗೆ ಸುತ್ತಿಕೊಂಡು ಹೋದಳು.

ಆಫೀಸಿಗೆ ಹೊತ್ತಾಗಿದೆ. ಹೋಗಲು ಮನಸ್ಸಿಲ್ಲ. ಅವತ್ತು ಮಾಳಿಗೆ ಹತ್ತಿ ಬಂದವಳು ನನಗಿಂತ ಮೊದಲೇ ಗೋಡೆ ನೋಡಿದ್ದಳೇ? ಮುಚ್ಚಳ ತೆಗೀರಿ ಎಂದಾಗ, ಬ್ಯಾಡ ಎಂದು ನಾನು ಅಂದಾಗ, ಕೈ ಹಿಡಿದಾಗಲೂ ಅವಳಿಗೆ—